ಗಡಿಯಾರ ರಿಪೇರಿಯವನ ಬೇಳೆ ಸೂಪು

"ಬೇಳೆ ಬೇಯಿಸೋದೇನು ಮಹಾ? ಒಂದು ಕಣ್ಣು ಮುಚ್ಕೊಂಡು ಮಾಡ್ತೀನಿ" ಎಂದು ಗಡಿಯಾರ ರಿಪೇರಿಯವನು ಹೆಂಡತಿಯೆದುರು ಕೊಚ್ಚಿಕೊಂಡ ಮರುದಿನವೇ ಅವಳ ದವಡೆಹಲ್ಲು ಕೀಳಿಸಬೇಕಾಯಿತು. ಬಾಯಿಗೆ ಹತ್ತಿ ತುರುಕಿ ಕಳಿಸಿದ ಡಾಕ್ಟರು, "ಎರಡು ದಿನ ಬರೀ ಬೇಳೆ ಸೂಪು ಕೊಡಿ" ಎಂದರು.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎದುರುಮನೆಯ ಟೀಚರಮ್ಮ ಬಾಗಿಲಲ್ಲೇ ಕಾದಿದ್ದರು.

"ನಿಮ್ಮ ಕೈಲಾಗಲ್ಲ ಬಿಡಿ. ನಿಮ್ಮನೆಯವರ ಅಣ್ಣಂಗೆ ಫೋನ್ ಮಾಡ್ತೀನಿ. ಬಂದು ಅಡುಗೆ ನೋಡ್ಕೋತಾರೆ."

ಅವನ ಆ ಭಾವ ನಿವೃತ್ತ ಡ್ರಿಲ್ ಮಾಸ್ತರು. ಹಿಂದಿನ ಸಲ ಬಂದಾಗ ಎಲ್ಲರನ್ನೂ ನಸುಕಿನಲ್ಲೇ ಎಬ್ಬಿಸಿ ಮೊಣಕಾಲು ಎತ್ತಿಸಿದ್ದರು. ಯಾರ ಬೆನ್ನು ಬಾಗಿದರೂ ಗದರುತ್ತಿದ್ದರು. ದಿನವೆಲ್ಲ ಬೆನ್ನು ಬಗ್ಗಿಸಿಯೇ ಹೊಟ್ಟೆ ಹೊರೆಯುವವನಿಗೆ ಹೇಗಾಗಿರಬೇಡ!

"ಭಾವನವರಿಗೆ ಯಾಕೆ ಸುಮ್ನೆ ತೊಂದ್ರೆ? ಮಧ್ಯಾಹ್ನದೊಳಗೆ ಸೂಪು ರೆಡಿ!"

ಬೇಳೆಯಲ್ಲಿ ಕಲ್ಲಿದ್ದೀತೆಂದು, ಅಭ್ಯಾಸಬಲದಿಂದ, ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಆ ಕಣ್ಣಿಗೆ ನೆಟ್ಟಗಿರುವ ಬೇಳೆ ಒಂದೂ ಕಾಣಲಿಲ್ಲ. ಒಂದರ ಅಂಚು ಮುಕ್ಕು, ಇನ್ನೊಂದಕ್ಕೆ ಗೀರು. ಚಿಮುಟದಿಂದ ಒಂದೊಂದನ್ನೇ ಎತ್ತಿ ಪರೀಕ್ಷಿಸುತ್ತ ಕುಳಿತ. ಟೀಚರಮ್ಮ ಇಣುಕಿದಾಗ ಪಾಸಾದ ಬೇಳೆ ಒಂದು ಹಿಡಿಯೂ ಇರಲಿಲ್ಲ.

"ಸೂಪು ಮಾಡ್ತಿದೀರೋ, ಬೇಳೆಗೆ ಇಂಟರ್‌ವ್ಯೂ ಮಾಡ್ತಿದೀರೋ? ಫೋನ್ ಮಾಡ್ಲಾ?"

"ಬೇಡ, ಬೇಡ!" ಎಂದವನೇ ಫೇಲಾದವನ್ನೂ ಸೇರಿಸಿ ಕುಕ್ಕರಿಗೆ ಸುರಿದ.

ಕುಕ್ಕರ್ ಕೂಗತೊಡಗಿತು. ಒಂದು ಕೂಗು ಉದ್ದ, ಒಂದು ಗಿಡ್ಡ. ತಾಳ ತಪ್ಪಿದ್ದನ್ನು ಕೇಳಿಕೊಂಡು ಸುಮ್ಮನಿರುವ ಜಾಯಮಾನ ಅವನದಲ್ಲ. ಒಲೆ ಆರಿಸಿ, ಆವಿ ಇಳಿಸಿ, ವಿಷಲ್ ಕಳಚಿ ಬ್ರಷ್ಷಿನಿಂದ ತಿಕ್ಕಿ ಮತ್ತೆ ಹಾಕಿದ. ಆಗಲೂ ಸಮಾಧಾನವಾಗದೆ ಇನ್ನೊಮ್ಮೆ ಕಳಚಿದ. ಕೋಣೆಯಲ್ಲಿ ಹೆಂಡತಿ ಹಸಿವು ತಾಳಲಾರದೆ ಲೋಟ ಕುಟ್ಟತೊಡಗಿದಳು. ಟೀಚರಮ್ಮ ಫೋನು ಕೈಗೆತ್ತಿಕೊಂಡರು. ಇನ್ನು ದೇವರೇ ಗತಿ ಎಂದು, ಕುಕ್ಕರನ್ನು ಅದರ ಪಾಡಿಗೆ ಕೂಗಲು ಬಿಟ್ಟ.

ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯಂತೆ ಬೆಂದಿತ್ತು! ಉಪ್ಪು ಹಾಕಿ, ಕಡೆದು, ಉಗುರುಬೆಚ್ಚಗೆ ಮಾಡಿ ಕೊಟ್ಟ. ಹೆಂಡತಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಬಟ್ಟಲು ಬರಿದಾದ ಮೇಲೆ ಇನ್ನೊಂದಕ್ಕೆ ಕೈಚಾಚಿದಳು. ಟೀಚರಮ್ಮನೂ ಒಂದು ಲೋಟ ಕುಡಿದು, ಫೋನು ಎತ್ತಿಟ್ಟುಕೊಂಡು ಮನೆಗೆ ಹೋದರು. ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗಂಡಾಂತರ ಕಳೆಯಿತೆಂದು ಗೋಡೆಗೊರಗಿ, ತಳದಲ್ಲಿ ಉಳಿದದ್ದನ್ನು ಬಳಿದು ಕುಡಿದ.

ಸಂಜೆ ಟೀಚರಮ್ಮ ನಗುನಗುತ್ತ ಬಂದರು.

"ನಿಮ್ಮನ್ನ ಸುಮ್ಸುಮ್ನೆ ಆಡ್ಕೊಂಡೆ. ಅದಕ್ಕೇ ಡ್ರಿಲ್ ಮಾಸ್ತರಿಗೆ ನಾನೇ ಫೋನ್ ಮಾಡಿ, ನಿಮ್ಮ ತಂಗಿ ಚೆನ್ನಾಗಿದಾಳೆ, ಅವಳ ಗಂಡನ ಕೈ ಸೂಪು ಎಂಥಾ ರುಚಿ ಅಂತ ಹೊಗಳಿಬಿಟ್ಟೆ."

"ದೊಡ್ಡ ಉಪಕಾರವಾಯ್ತು ಟೀಚರಮ್ಮ" ಎಂದು ಅವನು ಕೈಮುಗಿದ.

"ಅವರಿಗಂತೂ ಖುಷಿಯೋ ಖುಷಿ! ಇದ್ದಬದ್ದ ಹಲ್ಲೆಲ್ಲ ಕೀಳಿಸಿಕೊಂಡು ಕೂತಿದಾರಂತೆ, ಪಾಪ. ಹೊಸ ಸೆಟ್ಟು ಬರೋಕೆ ಮೂರು ತಿಂಗಳು. ಅಲ್ಲೀವರೆಗೆ ಏನು ತಿನ್ನೋದು, ಯಾರು ಮಾಡಿಕೊಡ್ತಾರೆ ಅಂತ ಒದ್ದಾಡ್ತಿದ್ರಂತೆ. ನಾಳೆ ಇಲ್ಲಿಗೇ ಹೊರಟಿದಾರೆ. ನಿಮಗೆ ಭಾರ ಆಗಬಾರದು ಅಂತ ಒಂದು ಮೂಟೆ ಬೇಳೆ ತಗೊಂಡೇ ಬರ್ತಾರಂತೆ!"