ಒಂದು ಗೇಣು ಕೆಳಗಿನ ತೋರಣ

ಬೆಳ್ಳಾರೆಯ ನನ್ನ ಸೋದರತ್ತೆಯ ದೆಸೆಯಿಂದ ತಲೆ ತಗ್ಗಿಸದ ನೆಂಟರೇ ನಮ್ಮಲ್ಲಿಲ್ಲ. ಭಯಭಕ್ತಿ ಎಂದುಕೊಂಡಿರಾ? ಅಲ್ಲವೇ ಅಲ್ಲ! ಅತ್ತೆ ಕಟ್ಟಿದ ತೋರಣದಡಿ ನುಸುಳಬೇಕಾದರೆ ಬೇರೆ ದಾರಿಯಿಲ್ಲ.

ಯಾರ ಮನೆಯ ಶುಭಕಾರ್ಯವಾದರೂ ತೋರಣ ಅವರದೇ. ಮಾವಿನೆಲೆ, ಮಣಿ, ತುದಿಗೆ ಪುಟ್ಟ ಗೆಜ್ಜೆ. ನೋಡಲು ಎರಡು ಕಣ್ಣು ಸಾಲದು. ಆದರೆ ಕಟ್ಟುವ ಎತ್ತರ? ಅದಕ್ಕೆ ಅಳತೆಗೋಲು ನಮ್ಮ ಮಾವ! ಗಿಡ್ಡ ಮಾವನನ್ನು ಬಾಗಿಲಲ್ಲಿ ನಿಲ್ಲಿಸಿ, ಗೆಜ್ಜೆ ಅವರ ಹಣೆಗೆ ಸರಿಯಾಗಿ ತಾಗುವಂತೆ ಕಟ್ಟುತ್ತಾರೆ. ಮಾವ ನಗುತ್ತಾ ನಿಲ್ಲುತ್ತಾರೆ.

ಕಡಬದ ಮದುವೆಯಲ್ಲಿ ಆರಡಿ ಮದುಮಗ ಒಳಗೆ ಹೋದ, ಪೇಟ ತೋರಣದಲ್ಲೇ ಉಳಿಯಿತು! ಸುಳ್ಯದಲ್ಲಿ ಭಟ್ಟರ ಜುಟ್ಟು ಸಿಕ್ಕಿಕೊಂಡಿತು.

"ಇದೆಂತದಮ್ಮ, ತೋರಣವಾ, ಬಲೆಯಾ?"

"ತೋರಣ ಇರುದು ನೋಡ್ಲಿಕ್ಕೆ ಮಾತ್ರ ಅಲ್ಲ ಭಟ್ರೆ, ತಾಗ್ಲಿಕ್ಕೆ!"

ಮೊನ್ನೆ ಪುತ್ತೂರಿನಲ್ಲಿ ನಮ್ಮ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಅತ್ತೆ ಹಿಂದಿನ ದಿನವೇ ಬಂದರು. ಮಾವ ಜತೆಗಿರಲಿಲ್ಲ, ಬದುಕಿದೆ ಎಂದುಕೊಂಡೆ. ಎಲ್ಲಿಯ ಬದುಕು! ಮಾವನ ಹಣೆಯೆತ್ತರಕ್ಕೆ ಗಂಟು ಹಾಕಿದ ದಾರವೊಂದು ಅವರ ಚೀಲದಲ್ಲಿತ್ತು.

ನೆಂಟರೆದುರು ನಗೆಪಾಟಲು ಯಾಕೆಂದು ಬೆಳಗ್ಗೆ ಅತ್ತೆ ಅಡುಗೆಮನೆಗೆ ಹೋದದ್ದೇ ತಡ, ಅವರು ಆ ದಾರದ ಅಳತೆಗೆ ಕಟ್ಟಿದ್ದ ತೋರಣವನ್ನು ಬಿಚ್ಚಿ ಒಂದು ಗೇಣು ಮೇಲೆ ಕಟ್ಟಿದೆ. ಚಂದ ಕಂಡಿತು, ಸುಳ್ಳೇಕೆ ಹೇಳಲಿ?

ಸ್ವಲ್ಪ ಹೊತ್ತಿಗೆ ಮಾವ ಬಂದರು. ಮುಖ ತುಸು ಎತ್ತಿ, ಏನನ್ನೋ ಕಾಯುವವರಂತೆ ಮೆಲ್ಲನೆ ನಡೆದರು. ಹೊಸಿಲು ಎಡವಿ ಮುಗ್ಗರಿಸಿದರು. ನಾನು ಹಿಡಿದುಕೊಂಡೆ.

"ಬಾಗಿಲು ಬಂದದ್ದೇ ಗೊತ್ತಾಗ್ಲಿಲ್ಲ ಮಾರಾಯ" ಎಂದು ನಗಲು ನೋಡಿದರು.

ಒದ್ದೆಕೈಯಲ್ಲೇ ಓಡಿ ಬಂದ ಅತ್ತೆ ಮೇಲೆ ನೋಡಿದರು, ನನ್ನನ್ನೂ ನೋಡಿದರು. ಬೈಯಲಿಲ್ಲ. ಆಚೆ ಕರೆದು ಪಿಸುಗುಟ್ಟಿದರು:

"ಅವರಿಗೆ ಕಣ್ಣು ಹೋಗ್ತಾ ಉಂಟು ಮಗಾ. ನಾಲ್ಕು ಜನಕ್ಕೆ ಗೊತ್ತಾಗುದು ಬೇಡ ಅಂತಾರೆ. ಗೆಜ್ಜೆ ಹಣೆಗೆ ತಾಗಿದ್ರೆ ಕಾಲೆತ್ತಿ ಹೊಸಿಲು ದಾಟ್ತಾರೆ, ಅಷ್ಟೆ."

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಯಾವುದಕ್ಕೆ! ನನಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಕುರ್ಚಿ ಹತ್ತಿ ತೋರಣವನ್ನು ಮತ್ತೆ ಒಂದು ಗೇಣು ಕೆಳಗೆ ಕಟ್ಟಿದೆ. ಊಟ ಮುಗಿಸಿ ಅಂಗಳದಲ್ಲಿ ಕೈ ತೊಳೆದು ಬಂದ ಮಾವನ ಹಣೆಯಲ್ಲಿ ಗೆಜ್ಜೆ ಘಲ್ಲೆಂದಿತು. ಕಾಲು ತಾನಾಗಿ ಎದ್ದು ಹೊಸಿಲು ದಾಟಿತು.

"ಹಾಂ, ಈಗ ಮನೆ ಆಯ್ತು" ಎಂದರು.

ಎಲೆಗಳು ಒಣಗಿ ಉದುರಿದವು. ಗೆಜ್ಜೆಗಳನ್ನು ನಾನು ಬಿಚ್ಚಿಲ್ಲ. ದಿನವೂ ನನ್ನ ಮೂಗಿಗೆ ತಾಗುತ್ತವೆ. ತಾಗಲಿ.