ಕಾಯ್ದೇಶೀರ ಮಡ್ಗಾರ್ಡ್

ಸೋಮವಾರ ಬೆಳಿಗ್ಗೆ ಕೇಶ್ವಾಪುರದ ಚಾಳಿನ ಎದುರಿಗೇ ಉಳವಪ್ಪನ ಫಟಫಟಿಯ ಹಿಂದಿನ ಮಡ್ಗಾರ್ಡ್ ಟಾಯರಿಗೆ ತಾಗಿ ಕರಕರ ಎನ್ನತೊಡಗಿತು. ಮಿಲಿಟರಿಯವರು ಹರಾಜು ಹಾಕಿದ ಮೋಟರ್ ಸೈಕಲ್ಲು ಅದು. ಯುದ್ಧಕ್ಕೆ ಜಗ್ಗದ ಮಡ್ಗಾರ್ಡ್ ಹುಬ್ಬಳ್ಳಿಯ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಅರ್ಧಕ್ಕೆ ಜೋತುಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ತಂತಿ ಬಿಗಿದು ಹೊರಟುಬಿಡುತ್ತಿದ್ದರು. ಉಳವಪ್ಪ ಹೆದರಿದ.

ಹೆದರುವುದಕ್ಕೆ ಕಾರಣವೂ ಇತ್ತು. ಅವನು ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಹಂಗಾಮಿ ಕಾರಕೂನ. ಕಚೇರಿ ಮುಂಬಯಿ ಸರಕಾರದಿಂದ ಮೈಸೂರು ಸರಕಾರದ ಕೈಗೆ ಬಂದು ಐದು ವರ್ಷವಾಯಿತು, ಸಾಹೇಬರು ಮೂರು ಸಲ ಬದಲಾದರು, ಉಳವಪ್ಪ ಮಾತ್ರ ಹಂಗಾಮಿಯಾಗಿಯೇ ಉಳಿದ. ಈಗ ಅಂತೂ ಇಂತೂ ಅವನನ್ನು ಖಾಯಂ ಮಾಡುವ ಕಾಗದ ಮೇಲೆ ಹೋಗಿತ್ತು. "ನಡತಿ ಸ್ವಚ್ಛ ಇರಬೇಕ್ರಿ. ಪೊಲೀಸರ ಕಡೆ ಒಂದು ಸಣ್ಣ ಕೇಸ್ ಇದ್ರೂ ಕಾಗದ ವಾಪಸ್ ಬರ್ತೈತಿ" ಎಂದು ಸಾಹೇಬರು ಎಚ್ಚರಿಸಿದ್ದರು. ಅಂದಿನಿಂದ ಉಳವಪ್ಪ ಖಾಕಿ ಬಟ್ಟೆ ಕಂಡಲ್ಲೆಲ್ಲ ಕೈ ಮುಗಿಯುತ್ತಿದ್ದ. ಒಮ್ಮೆ ಟಪಾಲಿನವನಿಗೂ ಮುಗಿದಿದ್ದ.

ಕರಕರ ಸದ್ದಿಗೆ ಪಕ್ಕದ ಮನೆಯ ಗುರುಶಿದ್ದಪ್ಪ ಹೊರಗೆ ಬಂದರು. ಮೂವತ್ತು ವರ್ಷ ಕೋರ್ಟಿನ ಸಮನ್ಸು ಹಂಚಿ ನಿವೃತ್ತರಾದವರು. ಅಷ್ಟು ವರ್ಷ ಸಮನ್ಸು ಹೊತ್ತ ಮೇಲೆ ಕಾಯ್ದೆ ತಾನಾಗಿಯೇ ಮೈಗೆ ಹತ್ತುತ್ತದೆ ಎಂಬುದು ಅವರ ನಂಬಿಕೆ.

"ಮಡ್ಗಾರ್ಡ್ ಅಂದ್ರ ಬರೇ ತಗಡಲ್ಲೋ ತಮ್ಮಾ" ಎಂದರು. "ಅದರ ಮ್ಯಾಲೆ ನಂಬರ್ ಐತಿ, ಕೆಂಪು ದೀಪ ಐತಿ. ಗಾಲಿ ಮುಚ್ಚಿರಬೇಕು, ನಂಬರ್ ಹಿಂದಿನವರಿಗೆ ಕಾಣಬೇಕು, ಕತ್ತಲಾದ ಮ್ಯಾಲೆ ದೀಪದ ಬೆಳಕು ನಂಬರಿನ ಮ್ಯಾಲೆ ಬೀಳಬೇಕು. ಒಂದು ತಪ್ಪಿದ್ರೂ ಕೇಸ್."

"ಹಂಗಾರ ಇದನ್ನ ಹಿಂಗ ಬಿಡ್ಲೇನ್ರಿ, ಕಾಕಾ?"

ಉತ್ತರ ಕೊಟ್ಟವಳು ಎದುರು ಮನೆಯ ದಾನವ್ವ. ನಳದ ಹತ್ತಿರ ಕೊಡ ತುಂಬಿಸುತ್ತಲೇ ಹೇಳಿದಳು: "ಬಿಟ್ಟೀಯಪಾ ಮತ್ತ. ನಮ್ಮ ಅಣ್ಣನ ಮಗಂದು ಹಿಂಗ ಬಿಟ್ಟು, ತಗಡು ಗಾಲಿಗೆ ಸಿಕ್ಕು, ಮುಂದಿನ ಹಲ್ಲು ನಾಕೂ ಹೋದುವು. ಈಗ ರೊಟ್ಟಿ ಹಾಲಾಗ ನೆನಸಿ ತಿಂತಾನ."

ಬಿಟ್ಟರೆ ಹಲ್ಲು ಹೋಗುತ್ತದೆ, ಕತ್ತರಿಸಿ ತೆಗೆದರೆ ಖಾಯಂ ನೌಕರಿ ಹೋಗುತ್ತದೆ. ಉಳವಪ್ಪ ನಾಲಿಗೆಯಿಂದ ಹಲ್ಲು ಸವರಿಕೊಂಡು ಗಾಡಿಯನ್ನು ಖಾಜಾಸಾಬನ ಗ್ಯಾರೇಜಿಗೆ ತಳ್ಳಿಕೊಂಡು ಹೋದ.

ಖಾಜಾಸಾಬ ಒಳ್ಳೆಯ ಕೆಲಸಗಾರ, ಆದರೆ ಪ್ರಶ್ನೆ ಮುಗಿಯುವವರೆಗೆ ಕಾಯುವ ಮನುಷ್ಯನಲ್ಲ. "ಕತ್ತರಿಸಿದ್ರ ಕಾಯ್ದೆ ಪ್ರಕಾರ..." ಎಂದು ಉಳವಪ್ಪ ಶುರು ಮಾಡುವಷ್ಟರಲ್ಲಿ ತುಕ್ಕು ಹಿಡಿದ ಅರ್ಧ ನೆಲದ ಮೇಲಿತ್ತು. ಅದರ ಜೊತೆಗೆ ನಂಬರು, ಅದರ ಜೊತೆಗೆ ಕೆಂಪು ದೀಪ.

"ಇನ್ನ ಹೊಸಾ ತಗಡು ಕೂಡಸ್ರಿ ಲಗೂನ" ಎಂದ ಉಳವಪ್ಪ.

"ವೆಲ್ಡಿಂಗ್ ಗ್ಯಾಸ್ ಮುಗದೈತ್ರಿ ಉಳವಪ್ಪಾರ. ಮಧ್ಯಾಹ್ನಕ್ಕ ಬರ್ತೈತಿ."

ಧಾರವಾಡದ ಬಸ್ಸು ಆಗಲೇ ಹೋಗಿತ್ತು. ಹಾಜರಿ ಪುಸ್ತಕ ಹತ್ತೂವರೆಗೆ ಸಾಹೇಬರ ಮೇಜಿಗೆ ಹೋಗುತ್ತದೆ. ಖಾಯಂ ಕಾಗದ ಮೇಲಿರುವಾಗ ರಜೆ ಹಾಕುವ ಧೈರ್ಯವಿಲ್ಲ. ಉಳವಪ್ಪ ನಂಬರ್ ಪಟ್ಟಿಯನ್ನು ಕೈಚೀಲದಲ್ಲಿ ಹಾಕಿಕೊಂಡು, ಮನೆದೇವರನ್ನು ನೆನೆದು ಗಾಡಿ ಹತ್ತಿದ.

ರಾತ್ರಿ ಮಳೆ ಬಿದ್ದಿತ್ತು. ಮುಚ್ಚುವ ತಗಡಿಲ್ಲದ ಗಾಲಿ ಕರಿಮಣ್ಣಿನ ರಾಡಿಯನ್ನೆಲ್ಲ ಎತ್ತಿ ಅವನ ಬೆನ್ನಿಗೇ ಹಚ್ಚುತ್ತ ಬಂತು. ಅದರ ಕಡೆ ಅವನಿಗೆ ಲಕ್ಷ್ಯವಿರಲಿಲ್ಲ. ಉಣಕಲ್ ಕೆರೆಯ ಹತ್ತಿರ, ಬೇವಿನ ಗಿಡದ ಕೆಳಗೆ, ಸೈಕಲ್ಲಿಗೆ ಒರಗಿ ಒಬ್ಬ ಹವಾಲ್ದಾರ ನಿಂತಿದ್ದ.

ಮುಂದಿನಿಂದ ನೋಡಿದರೆ ಗಾಡಿ ಸರಿಯಾಗಿಯೇ ಇತ್ತು, ತೊಂದರೆಯೆಲ್ಲ ಹಿಂದೆ. ಹಿಂದಿನದನ್ನು ಮುಚ್ಚುವುದು ಹೇಗೆ? ಆಗ ಅರಳೆ ಹೇರಿಕೊಂಡ ಒಂದು ಚಕ್ಕಡಿ ಧಾರವಾಡದ ಕಡೆಗೇ ಹೊರಟಿತ್ತು. ಉಳವಪ್ಪ ಅದರ ಎತ್ತುಗಳ ಮುಂದೆ ಗಾಡಿ ತಂದು, ಎತ್ತಿನ ನಡಿಗೆಗೇ ನಡೆಸಿದ. ಎತ್ತುಗಳ ಬಿಸಿ ಉಸಿರು ಕುತ್ತಿಗೆಗೆ ಬಡಿಯುತ್ತಿತ್ತು, ಇಂಜಿನ್ನು ಕೆಮ್ಮುತ್ತಿತ್ತು, ಚಕ್ಕಡಿಯವನು ಬಾಯಿಗೆ ಬಂದದ್ದು ಬೈಯುತ್ತಿದ್ದ. ಚಕ್ಕಡಿಗೆ ದಾರಿ ತೋರಿಸುತ್ತ ಹೊರಟ ಫಟಫಟಿಯನ್ನು ಹವಾಲ್ದಾರ ಜನ್ಮದಲ್ಲಿ ನೋಡಿರಲಿಲ್ಲ. ಅವನು ಉಳವಪ್ಪನ ಮುಖವನ್ನು ನೆಟ್ಟಗೆ ನೋಡಿದ. ಉಳವಪ್ಪ ಹ್ಯಾಂಡಲ್ ಬಿಟ್ಟು ಕೈ ಮುಗಿಯಲು ಹೋಗಿ ಸ್ವಲ್ಪದರಲ್ಲಿ ಬೀಳದೆ ಉಳಿದ.

ಕಚೇರಿಯಲ್ಲಿ ಅವನು ಬೆನ್ನನ್ನು ಗೋಡೆಗೆ ಹಚ್ಚಿಕೊಂಡೇ ಕುಳಿತ. ಸಾಹೇಬರು ಕರೆದಾಗ ಹೋಗಿ, ಬರುವಾಗ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದ. ಹೊಸ ಸಾಹೇಬರಿಗೆ ಆ ವಿನಯ ಬಹಳ ಹಿಡಿಸಿತು.

ಹನ್ನೆರಡಕ್ಕೆ ಕಚೇರಿಯ ಸಿಪಾಯಿ ರಾಮಪ್ಪ ಕಿವಿಯ ಹತ್ತಿರ ಬಂದ. "ಹುಬ್ಬಳ್ಳಿ ಠಾಣೇದಿಂದ ಫೋನ್ ಬಂದಿತ್ರಿ. ಉಳವಪ್ಪನವರ ಮನಿ ಎಲ್ಲೈತಿ ಅಂತ ಕೇಳಿದ್ರು. ಕೇಶ್ವಾಪುರ ಅಂತ ಹೇಳೇನ್ರಿ."

ಉಣಕಲ್ ಹವಾಲ್ದಾರ ತನ್ನ ಗುರುತು ಪತ್ತೆ ಹಚ್ಚಿದನೆಂದೇ ಉಳವಪ್ಪ ತಿಳಿದ. ಹೊಟ್ಟೆನೋವೆಂದು ಅರ್ಧ ದಿನದ ರಜೆ ಬರೆದುಕೊಟ್ಟ. ಅದು ಸುಳ್ಳೂ ಆಗಿರಲಿಲ್ಲ. ಈ ಸಲ ಹೆದ್ದಾರಿ ಬಿಟ್ಟು ಹೊಲದ ಬದುವಿನ ದಾರಿ ಹಿಡಿದು ಹುಬ್ಬಳ್ಳಿ ಸೇರಿ, ಗಾಡಿಯನ್ನು ಖಾಜಾಸಾಬನಿಗೆ ಒಪ್ಪಿಸಿ, ಮನೆಗೆ ಓಡಿದ.

"ಪೊಲೀಸರು ಬರ್ತಾರ" ಎಂದ ಹೆಂಡತಿ ಮಂದಾಕಿನಿಗೆ. "ಬಂದ್ರ, ಮನ್ಯಾಗ ಇಲ್ಲ ಅಂತ ಹೇಳು ಸಾಕು. ಎರಡು ತಾಸಿನ್ಯಾಗ ಗಾಡಿ ಕಾಯ್ದೇಶೀರ ಆಗ್ತೈತಿ. ಆಮ್ಯಾಲೆ ನಾನ ಹೋಗಿ ತೋರಸ್ತೇನಿ."

ಅವಳು ಅಳತೊಡಗಿದಳು. ಗೋಡೆಯಾಚೆಯಿಂದ ಗುರುಶಿದ್ದಪ್ಪನವರ ಕೆಮ್ಮು ಕೇಳಿತು. "ನೀ ಹೋಗೋ ತಮ್ಮಾ. ಪೊಲೀಸರ ಜೋಡಿ ಹ್ಯಾಂಗ ಮಾತಾಡಬೇಕು ಅನ್ನೋದು ನನಗ ಬಿಡು."

ಆ ಮಾತಿಗೆ ಉಳವಪ್ಪನಿಗೆ ಕಣ್ಣು ತುಂಬಿ ಬಂತು. ನೆರೆಹೊರೆ ಅಂದರೆ ಹೀಗಿರಬೇಕು ಎಂದುಕೊಂಡ.

ಖಾಜಾಸಾಬ ಆ ಮಧ್ಯಾಹ್ನ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಟಾಯರಿಗೂ ತಗಡಿಗೂ ನಡುವೆ ಎರಡು ಬೆರಳು ಸಂದು ಬಿಟ್ಟ. ತಗಡಿನ ಅಂಚು ಯಾರಿಗೂ ತಾಗಿ ಕೊಯ್ಯದಂತೆ ಒಳಗೆ ತಂತಿ ಇಟ್ಟು ಮಡಚಿದ. ಎರಡೂ ಬದಿಗೆ ಕಬ್ಬಿಣದ ಸರಳಿನ ಆಧಾರ ಕೊಟ್ಟು, ಅದರ ಮೇಲೆ ತಾನೇ ಹತ್ತಿ ಕುಳಿತು ತೋರಿಸಿದ. ನಂಬರಿಗೆ ಬಿಳಿ ಬಣ್ಣ ಹೊಸದಾಗಿ ಬಳಿದು, ಕೆಂಪು ದೀಪದ ಕೆಳಗೆ ನೆಟ್ಟಗೆ ಕೂರಿಸಿದ. ಉಳವಪ್ಪ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಓದಿದ. ನಲವತ್ತು ಹೆಜ್ಜೆ ಹೋಗಿ ಓದಿದ. ದಿನದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು.

ದೀಪ ಹಚ್ಚುವ ಹೊತ್ತಿಗೆ ಚಾಳಿಗೆ ಬಂದ. ಗುರುಶಿದ್ದಪ್ಪ ಕಟ್ಟೆಯ ಮೇಲೆ ಗೆದ್ದ ಪೈಲವಾನನಂತೆ ಕುಳಿತಿದ್ದರು.

"ಬಂದಿದ್ದ ಹವಾಲ್ದಾರ. ಕಳಿಸಿದೆ ನೋಡು" ಎಂದರು. "ಮನ್ಯಾಗ ಇಲ್ಲ ಅಂದ್ರ ನಾಳೆ ಬರ್ತಾನ. ಅದಕ್ಕ, ಉಳವಪ್ಪ ಅನ್ನೋ ಮನಶ್ಯಾನ ಈ ಚಾಳಿನ್ಯಾಗ ಇಲ್ಲ, ಎಂದೂ ಇರಲಿಲ್ಲ ಅಂತ ಬರದು ಸಹಿ ಮಾಡಿ ಕೊಟ್ಟೆ. ದಾನವ್ವನೂ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಗೆ ಇಬ್ಬರು ಪಂಚರಾದ್ರು. ಮಂದಾಕಿನಿ ಒಳಗ ಕದಾ ಹಾಕ್ಕೊಂಡು ಕುಂತಿದ್ದಳು."

"ಮಡ್ಗಾರ್ಡಿನ ಸುದ್ದಿ ಏನಂದಾ, ಕಾಕಾ?"

"ಅದನ್ನ ಅವ ಬಾಯಿ ಬಿಡಲೇ ಇಲ್ಲ. ಭಾಳ ಯುಕ್ತಿ ಮನಶ್ಯಾ. ಏನೋ ಖಾಯಂ ಮಾಡೋ ಕಾಗದ ಬಂದೈತಿ, ನಡತಿ ಹ್ಯಾಂಗ ಐತಿ ಅಂತ ವಿಚಾರಣಿ ಮಾಡಾಕ ಬಂದೇನಿ ಅಂದ. ನಾ ಇಂಥಾ ಬಲೀಗೆ ಬೀಳ್ತೇನೇನು?"

ಉಳವಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಹವಾಲ್ದಾರ ಬಂದದ್ದು ನಿಜವಾಗಿಯೂ ಖಾಯಂ ಕಾಗದದ ವಿಚಾರಣೆಗೇ ಎಂದು ತಿಳಿದಾಗ ಗುರುಶಿದ್ದಪ್ಪನವರ ಮುಖವೂ ಸಣ್ಣದಾಯಿತು. "ನಡೀ, ಈಗಲೇ ಹೋಗಿ ಹೇಳೂಣು" ಎಂದು ತಾವೇ ಹಿಂದಿನ ಸೀಟು ಹತ್ತಿದರು. ಇಬ್ಬರ ಭಾರಕ್ಕೂ ಮಡ್ಗಾರ್ಡ್ ಕಿಮಕ್ ಅನ್ನಲಿಲ್ಲ.

ಠಾಣೆಯಲ್ಲಿ ಅದೇ ಉಣಕಲ್ ಹವಾಲ್ದಾರ ಕುಳಿತಿದ್ದ, ಚಾಳಿಗೆ ಬಂದವನೂ ಅವನೇ. "ಉಳವಪ್ಪ ಅಂದ್ರ ನಾನರಿ" ಎಂದ ಉಳವಪ್ಪ, ಕೈ ಮುಗಿದು.

ಹವಾಲ್ದಾರ ಅವನನ್ನು ನೋಡಿದ. "ಮುಂಜಾನೆ ಎತ್ತಿನ ಮುಂದ ಅಡ್ಡಾಡಾಕತ್ತಿದ್ರಿ ಹೌದಲ್ರಿ? ಉಳವಪ್ಪ ಇಲ್ಲ ಅಂತ ಇಬ್ಬರು ಪಂಚರು ಬರದು ಕೊಟ್ಟಾರ. ವರದಿ ಸಂಜಿ ಟಪಾಲಿಗೆ ಹೋತು. ಪೊಲೀಸರಿಗೆ ಸುಳ್ಳು ಬರದು ಕೊಟ್ರ ಜೈಲು ಐತಿ, ಅವರು ಸುಳ್ಳ್ಯಾಕ ಬರೀತಾರ?" ಎಂದು ಗುರುಶಿದ್ದಪ್ಪನವರ ಕಡೆ ತಿರುಗಿದ. "ನೀವ ಅಲ್ರಿ ಯಜಮಾನರ ಸಹಿ ಮಾಡಿದವರು? ಹೇಳ್ರಿ, ಇವರು ಯಾರು?"

ಜೈಲು ಎಂಬ ಶಬ್ದ ಗುರುಶಿದ್ದಪ್ಪನವರ ಮೂವತ್ತು ವರ್ಷದ ಕಾಯ್ದೆಯನ್ನೆಲ್ಲ ಒಮ್ಮೆಲೇ ಎಬ್ಬಿಸಿತು. ಅವರು ಉಳವಪ್ಪನನ್ನು ತಲೆಯಿಂದ ಕಾಲಿನವರೆಗೆ ಹೊಸದಾಗಿ ನೋಡಿದರು. "ದಾರ್‍ಯಾಗ ನಡಕೊಂಡು ಹೊಂಟಿದ್ದೆ, ಗಾಡಿ ಮ್ಯಾಲೆ ಹತ್ತಿಸಿಕೊಂಡ್ರು. ಅಷ್ಟ ಪರಿಚಯ" ಎಂದರು.

ಉಳವಪ್ಪ ಗಾಡಿಯ ಕಾಗದ ತೆಗೆದು ಚಾಚಿದ. "ಇದರಾಗ ನನ್ನ ಹೆಸರೈತ್ರಿ, ನೋಡ್ರಿ."

ಹವಾಲ್ದಾರ ಕಾಗದ ಹಿಡಿದು ಹೊರಗೆ ಹೋಗಿ, ಗಾಡಿಯ ಹಿಂದೆ ನಿಂತ. ಕೆಂಪು ದೀಪದ ಕೆಳಗೆ ನಂಬರು ಬೆಳ್ಳಗೆ ಹೊಳೆಯುತ್ತಿತ್ತು. ಕಾಗದಕ್ಕೂ ಅದಕ್ಕೂ ಒಂದು ಅಕ್ಷರವೂ ತಪ್ಪಿಲ್ಲದಂತೆ ತಾಳೆಯಾಯಿತು.

"ನಂಬರ್ ಭಾಳ ಛಲೋ ಕಾಣತೈತಿ" ಎಂದ. "ಅದಕ್ಕ ಗೊತ್ತಾತು, ಗಾಡಿ ಉಳವಪ್ಪಂದ. ಆ ಮನಶ್ಯಾ ಇಲ್ಲ. ಇಲ್ಲದವನ ಗಾಡಿ, ಇಲ್ಲದವನ ಕಾಗದ ನಿಮ್ಮ ಕಡೆ ಹ್ಯಾಂಗ ಬಂದುವು? ನೀವು ಯಾರು ಅನ್ನೋದನ್ನ ನಾಳೆ ಪುರಾವೆ ತಂದು ಹೇಳ್ರಿ. ಗಾಡಿ ಇಲ್ಲೇ ಇರ್ಲಿ."

ಇಬ್ಬರೂ ನಡೆದುಕೊಂಡೇ ಕೇಶ್ವಾಪುರದ ದಾರಿ ಹಿಡಿದರು. ಠಾಣೆ ಮರೆಯಾಗುವವರೆಗೆ ಗುರುಶಿದ್ದಪ್ಪ ಅಪರಿಚಿತರಂತೆ ಹತ್ತು ಹೆಜ್ಜೆ ಹಿಂದೆಯೇ ಬಂದರು. ತಿರುವು ದಾಟಿದ ಮೇಲೆ ಹತ್ತಿರ ಬಂದು ಉಳವಪ್ಪನ ಹೆಗಲ ಮೇಲೆ ಕೈ ಇಟ್ಟರು.

"ಹೆದರಬ್ಯಾಡೋ ತಮ್ಮಾ" ಎಂದರು. "ನಾ ಪೂರಾ ಲಕ್ಷ್ಯ ಕೊಟ್ಟು ಕೇಳೇನಿ. ಮಡ್ಗಾರ್ಡಿನ ಮ್ಯಾಲೆ ಏನೂ ಕೇಸ್ ಇಲ್ಲ."