ಕಾಕುವಿನ ತಮ್ಮಣ್ಣ ಯಾಕೆ ನಗುವುದಿಲ್ಲ?

ನಮ್ಮ ಕಾಕುವಿಗೆ ಒಬ್ಬಳೇ ಮಗಳು ಎಂದು ಲಿವರ್‌ಮೋರಿನ ಕನ್ನಡದವರೆಲ್ಲ ತಿಳಿದುಕೊಂಡಿದ್ದಾರೆ. ತಪ್ಪು! ಅವಳಿಗೊಬ್ಬ ಮಗನೂ ಇದ್ದಾನೆ. ಆರಡಿ ಮೀರಿದ ಎತ್ತರ, ಕೆಂಚು ಕೂದಲು, ತೋಳಿಲ್ಲದ ಬನೀನು, ತೊಡೆ ಕಾಣುವ ಚಡ್ಡಿ. ವಾಸ ಮೆಲ್ಬರ್ನಿನಲ್ಲಿ. ಉದ್ಯೋಗ, ಮೊಟ್ಟೆಯಂಥ ಚೆಂಡನ್ನು ಒದೆಯುವುದು. ಅವನ ಅಪ್ಪ ಅಮ್ಮ ಇಟ್ಟ ಹೆಸರಿಗೆ ನಾಲಿಗೆ ಹೊರಳುವುದಿಲ್ಲ ಎಂದು ಕಾಕು ಅವನಿಗೆ ತಮ್ಮಣ್ಣ ಎಂದು ಹೆಸರಿಟ್ಟಿದ್ದಾಳೆ. ತನಗೆ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಧಾರವಾಡದ ತಾಯಿ ಇದ್ದಾಳೆ ಎಂಬ ಸಂಗತಿ ಅವನೊಬ್ಬನಿಗೆ ಗೊತ್ತಿಲ್ಲ, ಅಷ್ಟೆ.

ನನ್ನ ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಈ ಕಾಕು. ಜೀವಮಾನವಿಡೀ ಮಕ್ಕಳ ಡಾಕ್ಟರಾಗಿದ್ದು ಈಚೆಗೆ ನಿವೃತ್ತಳಾದವಳು. ಆಟಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಕ್ರಿಕೆಟ್ಟು ಬಂದರೆ ಚಾನೆಲ್ಲು ಬದಲಾಯಿಸುತ್ತಿದ್ದಳು. ಅಂಥವಳು ಮಗಳ ಬಾಣಂತನಕ್ಕೆಂದು ಮೆಲ್ಬರ್ನಿಗೆ ಹೋದಳು ನೋಡಿ, ಎಲ್ಲ ಕೆಟ್ಟಿತು! ಬೇರೆಯವರು ಅಲ್ಲಿಂದ ಕಾಂಗರೂ ಗೊಂಬೆ ತರುತ್ತಾರೆ. ಕಾಕು ಮಾತ್ರ ಬೇಸಿಗೆಯ ನಡುಮಧ್ಯಾಹ್ನ, ಪಟ್ಟೆಪಟ್ಟೆಯ ಉಣ್ಣೆ ಮಫ್ಲರನ್ನು ಕುತ್ತಿಗೆಗೆ ಸುತ್ತಿಕೊಂಡು, ಬೆವರಿಳಿಸುತ್ತ ಏರ್‌ಪೋರ್ಟಿನಿಂದ ಹೊರಗೆ ಬಂದಳು. ಮಗಳ ಪಕ್ಕದ ಮನೆಯ ಅಜ್ಜಿಯೊಬ್ಬಳು ಅವಳನ್ನು ಮ್ಯಾಚಿಗೆ ಕರೆದುಕೊಂಡು ಹೋಗಿದ್ದಳಂತೆ. ಅಲ್ಲಿ, ಆಗತಾನೇ ತಂಡಕ್ಕೆ ಸೇರಿದ್ದ ಹುಡುಗನೊಬ್ಬ ಸುಲಭದ ಗೋಲು ತಪ್ಪಿಸಿ, ಹಣೆ ಬಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ತಪ್ಪು ಮಾಡಿ ತಾನ ನಗೂ ಹುಡುಗ ಎಲ್ಲೆ ಸಿಗ್ತಾನವಾ ಈ ಕಾಲದಾಗ?" ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ನಾನು ಕಾರಿನ ಎಸಿ ಜೋರು ಮಾಡಿದೆ.

ಆಸ್ಟ್ರೇಲಿಯಾದವರ ಈ ಫುಟ್‌ಬಾಲ್ ಆಟ ಹೇಗಿದೆ ಎನ್ನುತ್ತೀರಾ? ನನ್ನ ಗಂಡ ಮೈಸೂರಿನವನು, ಕ್ರಿಕೆಟ್ಟಿನ ಪರಮಭಕ್ತ. ಮೊದಲ ಸಲ ನೋಡಿದಾಗ ಅವನು ಕೇಳಿದ್ದು, "ಇದು ಆಟಾನಾ, ಸಿಟಿ ಬಸ್ ಹತ್ತೋ ಜಗಳಾನಾ?" ಅವನ ತಪ್ಪಲ್ಲ. ಚೆಂಡು ಮೊಟ್ಟೆಯಾಕಾರ, ಮೈದಾನವೂ ಮೊಟ್ಟೆಯಾಕಾರ. ಒಬ್ಬನ ಹೆಗಲ ಮೇಲೆ ಮೊಣಕಾಲೂರಿ ಇನ್ನೊಬ್ಬ ಹಾರಿ ಚೆಂಡು ಹಿಡಿಯುತ್ತಾನೆ, ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟು. ಪಕ್ಕದ ಸಂದಿಯಲ್ಲಿ ಹೋದರೆ, ಅಂದರೆ ತಪ್ಪಿಸಿದರೆ, ಆಗಲೂ ಒಂದು ಪಾಯಿಂಟು! ಕಾಕುವಿನ ಮನಸ್ಸು ಗೆದ್ದದ್ದು ಈ ನಿಯಮವೇ. "ಪ್ರಯತ್ನಾ ಮಾಡ್ಯಾನಲ್ಲ ಪಾಪ, ಅದಕ್ಕ ಒಂದು ಕೊಡ್ತಾರ. ಇಂಥಾ ಅಂತಃಕರಣದ ಆಟ ಬ್ಯಾರೆ ಯಾವುದದ ತೋರಸ್ರಿ," ಎಂದು ಸವಾಲು ಹಾಕುತ್ತಾಳೆ.

ತೊಂದರೆ ಶುರುವಾದದ್ದು ಹೋದ ಸೀಜನ್ನಿನಲ್ಲಿ. ತಮ್ಮಣ್ಣ ನಗುವುದನ್ನು ನಿಲ್ಲಿಸಿಬಿಟ್ಟ.

ಗೋಲು ಹೊಡೆದರೂ ನಗು ಇಲ್ಲ, ತಪ್ಪಿದರೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು, ಬ್ಯಾಂಕಿನ ಸಾಲಿನಲ್ಲಿ ನಿಂತವನಂತೆ ಸುಮ್ಮನೆ ನಿಲ್ಲುತ್ತಾನೆ. ಆಟವೂ ಮಂಕಾಯಿತು. ಅಭಿಮಾನಿಗಳು ಬಿಡುತ್ತಾರೆಯೇ? ಮಗಳು ಕಾಕುವನ್ನು ಸೇರಿಸಿದ್ದ ವಾಟ್ಸಾಪ್ ಗುಂಪಿನಲ್ಲಿ ದಿನವಿಡೀ ಅದೇ ಚರ್ಚೆ. ಅವನಿಗೆ ಕೊಬ್ಬು ಎಂದು ಒಬ್ಬರು. ಅವನ ಮನಸ್ಸು ಬೇರೆ ಕ್ಲಬ್ಬಿನಲ್ಲಿದೆ ಎಂದು ಇನ್ನೊಬ್ಬರು. ಕೋಚಿನ ಜೊತೆ ಮಾತು ಬಿಟ್ಟಿದ್ದಾನೆ ಎಂದು ಮತ್ತೊಬ್ಬರು. ಇವರು ಕೋಚನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಬಾಡಿ ಲ್ಯಾಂಗ್ವೇಜು ಸರಿಯಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರದೂ ಒಮ್ಮತ. ಕಾಕು ಒಬ್ಬಳೇ ಎಲ್ಲರಿಗೂ ಉತ್ತರ ಬರೆಯುತ್ತಿದ್ದಳು, ಕನ್ನಡ ಲಿಪಿಯಲ್ಲಿ! ಗುಂಪಿನಲ್ಲಿ ಅರ್ಧ ಜನ ಬಿಳಿಯರು. "ಅವರಿಗೆ ಹೇಗೆ ಅರ್ಥ ಆಗುತ್ತೆ ಕಾಕು?" ಎಂದೆ. "ಸಿಟ್ಟು ಬಂದದ ಅನ್ನೂದು ಅರ್ಥ ಆದ್ರ ಸಾಕು," ಎಂದಳು.

ಪರದೇಶದ ಆಟಗಾರ ನಕ್ಕರೆಷ್ಟು, ಬಿಟ್ಟರೆಷ್ಟು? ಇವಳಿಗೇಕೆ ಇಷ್ಟು ಸಂಕಟ? ನನಗೂ ಕುತೂಹಲವೇ. ಅದಕ್ಕೆ ಈಗ ಕಾಕಾನ ವಿಷಯ ಹೇಳಬೇಕು.

ಕಾಕಾ ಇದ್ದ ಕಡೆ ನಗು ಇತ್ತು. ಯಾರ ಮನೆಯ ಪಾಟ್‌ಲಕ್ ಊಟವಾದರೂ ಸರಿ, ಅವನು ಕೂತ ಮೂಲೆಗೇ ಕುರ್ಚಿಗಳು ಸರಿಯುತ್ತಿದ್ದವು. ಎರಡು ವರ್ಷದ ಹಿಂದೆ ಅವನಿಗೆ ಪಾರ್ಕಿನ್ಸನ್ಸ್ ಕಾಯಿಲೆ ಬಂತು. ಕೈ ನಡುಗುವುದು ಎಲ್ಲರಿಗೂ ಗೊತ್ತು. ಆ ಕಾಯಿಲೆ ಮುಖದ ಸ್ನಾಯುಗಳನ್ನೂ ಬಿಗಿ ಮಾಡುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಒಳಗೆ ನಗು ಬಂದರೂ ಮುಖದ ಮೇಲೆ ಮೂಡುವುದಿಲ್ಲ. ಮಾತೂ ಮೆತ್ತಗಾಯಿತು, ನಿಧಾನವಾಯಿತು. ಒಂದು ಗೃಹಪ್ರವೇಶದಲ್ಲಿ ಮನೆಯಾಕೆ ಬಂದು, "ಯಾಕ್ ಸಾರ್, ಊಟ ಸೇರಲಿಲ್ವಾ?" ಎಂದು ಕೇಳಿದಳು. ಹಿಂದಿನಿಂದ ಯಾರೋ, "ಈಗೀಗ ತುಂಬಾ ಜಂಬ ಬಂದಿದೆ ಅವರಿಗೆ," ಅಂದದ್ದು ಕಾಕಾನ ಕಿವಿಗೂ ಬಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದನಂತೆ: "ನನ್ನ ಮಾರಿ ನೋಡಿ ಮಂದಿ ಊಟಾ ಬಿಡ್ತಾರ. ಇನ್ನ ಮ್ಯಾಲೆ ನೀ ಒಬ್ಬಾಕಿನ ಹೋಗಿ ಬಾ." ಅಂದಿನಿಂದ ಕಾಕಾ ಯಾರ ಮನೆಗೂ ಹೋಗಲಿಲ್ಲ. ಕಾಕುವಿಗೆ ಬೇಕಾಗಿದ್ದದ್ದು ಒಂದೇ, ಅವನು ಮತ್ತೆ ಜನರ ನಡುವೆ ಕೂರಬೇಕು.

ಜನರ ಹತ್ತಿರ ಅವನು ಹೋಗದಿದ್ದರೆ ಜನರನ್ನೇ ಮನೆಗೆ ಎಳೆತರುವುದು ಎಂದು ಅವಳು ತೀರ್ಮಾನಿಸಿದಳು. ನಮ್ಮ ಶುಕ್ರವಾರ ರಾತ್ರಿ ಊಟದ ಹೊತ್ತು ಎಂದರೆ ಅವರ ಶನಿವಾರ ಮಧ್ಯಾಹ್ನ, ಮ್ಯಾಚಿನ ಹೊತ್ತು. ಮ್ಯಾಚು ನೋಡಲು ಬನ್ನಿ ಎಂದರೆ ಯಾರು ಬರುತ್ತಾರೆ? ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಎಂದು ಮೆಸೇಜು ಕಳಿಸಿದಳು. ನಾವು ಗಂಡ ಹೆಂಡತಿ ಆಫೀಸು ಮುಗಿಸಿ, ಫ್ರೀವೇಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹಾಜರಾದೆವು. ರೆಡ್‌ವುಡ್ ಸಿಟಿಯ ರಾವ್ ಅವರೂ ಬಂದರು. ಇವರು ನನ್ನ ಗಂಡನ ಸ್ನೇಹಿತರು, ಬೆಂಗಳೂರಿನವರು, ಮಾತು ಶುರುಮಾಡಿದರೆ ಬ್ರೇಕಿಲ್ಲ. ರೊಟ್ಟಿ ತಿನ್ನಲು ಬಂದವರು ಕೆಲವೇ ವಾರಗಳಲ್ಲಿ ತಮ್ಮಣ್ಣನ ಭವಿಷ್ಯದ ಬಗ್ಗೆ ಮೇಜು ಗುದ್ದಿ ವಾದಿಸತೊಡಗಿದರು. ಕಾಕಾ ಮಾತ್ರ ತಲೆನೋವು ಎಂದು ಒಳಗಿನ ರೂಮಿನ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದ.

ಅವನನ್ನು ಹೊರಗೆ ತಂದದ್ದು ಒಣಮೆಣಸಿನಕಾಯಿ!

ಆವತ್ತು ತಮ್ಮಣ್ಣ ಎಷ್ಟು ಕೆಟ್ಟದಾಗಿ ಆಡುತ್ತಿದ್ದನೆಂದರೆ ಕಾಕು ತಟ್ಟನೆ ಎದ್ದು, "ಇದು ಫಾರ್ಮ್ ಅಲ್ಲ, ದೃಷ್ಟಿ!" ಎಂದು ಘೋಷಿಸಿದಳು. ಎಂ.ಡಿ. ಮಾಡಿದ ಅದೇ ಕೈಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿ ಹಿಡಿದು ಟಿವಿಗೆ ನಿವಾಳಿಸಿದಳು. ತಮ್ಮಣ್ಣ ಪರದೆಯ ಆ ಕಡೆಯಿಂದ ಈ ಕಡೆಗೆ ಓಡಿದ, ಕಾಕುವಿನ ಮುಷ್ಟಿಯೂ ಅವನ ಹಿಂದೆಯೇ ಓಡಿತು. "ಕಾಕು, ಬೇರೆಯವನಿಗೆ ತೆಗೆದುಬಿಟ್ರಿ, ಇವನು ಎದುರಾಳಿ!" ಎಂದು ನನ್ನ ಗಂಡ ಕೂಗಿದ. ಮತ್ತೆ ಮೊದಲಿನಿಂದ ನಿವಾಳಿಸಿ, ಎಲ್ಲವನ್ನೂ ಕಾದ ಬಾಣಲೆಗೆ ಹಾಕಿದಳು. ಊರಿನ ಹಿತ್ತಿಲಿನಲ್ಲಿ ಮಾಡುವ ಕೆಲಸವನ್ನು ಮುಚ್ಚಿದ ಕಿಟಕಿಯ ಅಮೆರಿಕನ್ ಅಡುಗೆಮನೆಯಲ್ಲಿ ಮಾಡಿದರೆ ಏನಾಗಬೇಕು? ಸ್ಮೋಕ್ ಅಲಾರ್ಮು ಕಿರುಚಿತು. ಒಂದು ಕಿರುಚಿದ್ದೇ ತಡ, ಮನೆಯ ಅಲಾರ್ಮುಗಳೆಲ್ಲ ದನಿಗೂಡಿಸಿದವು. ರಾವ್ ಕುರ್ಚಿ ಹತ್ತಿ ಟವೆಲ್ಲು ಬೀಸಿದರು, ನಾನು ಕಿಟಕಿಗಳಿಗೆ ಓಡಿದೆ, ಎಲ್ಲರೂ ಕೆಮ್ಮಿದ್ದೇ ಕೆಮ್ಮಿದ್ದು. ಅಷ್ಟರಲ್ಲಿ ತಮ್ಮಣ್ಣ ಒದ್ದ ಚೆಂಡು ಪಕ್ಕದ ಸಂದಿಯಲ್ಲಿ ಹೋಗಿ ಒಂದು ಪಾಯಿಂಟು ಬಂತು. ಕಾಕು ಕಣ್ಣೊರೆಸಿಕೊಳ್ಳುತ್ತ, "ಅರ್ಧಾ ದೃಷ್ಟಿ ಹೋತು," ಎಂದಳು.

ಹೊಗೆ ಒಳರೂಮಿಗೂ ನುಗ್ಗಿತ್ತು. ಕಾಕಾ ಕೆಮ್ಮುತ್ತ, ಗೋಡೆ ಹಿಡಿದುಕೊಂಡು ಹಾಲಿಗೆ ಬಂದ. ಕಾಕು ಸೋಫಾದ ತುದಿಯ ದಿಂಬು ಸರಿಸಿ, ಅವನ ಕೈಗೊಂದು ತಟ್ಟೆ ಕೊಟ್ಟಳು. ಮುಂದಿನ ಶುಕ್ರವಾರ ಅವನು ತಾನಾಗಿಯೇ ಬಂದು ಅಲ್ಲಿ ಕೂತ.

ಕೂತ, ನಿಜ. ಮಾತಾಡಲಿಲ್ಲ. ಮಾತಾಡಲು ನಾವು ಬಿಟ್ಟರೆ ತಾನೆ? ಅವನ ತುಟಿ ಅಲುಗಿ ಮಾತು ಹೊರಬರುವಷ್ಟರಲ್ಲಿ ನಾವು ಇನ್ನೆರಡು ವಿಷಯ ಮುಗಿಸಿರುತ್ತಿದ್ದೆವು. ರಾವ್ ಒಳ್ಳೆಯ ಮನುಷ್ಯರೇ, ಆದರೆ ಕಾಕಾನ ಮುಖ ನೋಡಿ ಏನೂ ತೋಚದೆ, "ಆಂಟಿ, ಅಂಕಲ್‌ಗೆ ಕಾಫಿ ಬೇಕಾ?" ಎಂದು ಕಾಕುವನ್ನು ಕೇಳುತ್ತಿದ್ದರು. "ಅಲ್ಲೇ ಕೂತಾರಲ್ಲ, ಅವರನ್ನ ಕೇಳ್ರಿ," ಎನ್ನುತ್ತಿದ್ದಳು ಕಾಕು. ರಾವ್ ನಾಚಿಕೊಂಡು ಕಾಕಾನ ಕಡೆ ತಿರುಗಿ, ಕಿವುಡರಿಗೆ ಹೇಳುವಂತೆ ಜೋರಾಗಿ ಕೇಳಿ, ಉತ್ತರ ಬರುವ ಮುಂಚೆಯೇ ಕಾಫಿ ತಂದಿಟ್ಟುಬಿಡುತ್ತಿದ್ದರು.

ದೃಷ್ಟಿ ತೆಗೆದದ್ದು ಅರ್ಧ ಮಾತ್ರ ಕೆಲಸ ಮಾಡಿತೆಂದು ಕಾಕು ಉಳಿದರ್ಧವನ್ನು ದೇವರ ಪಾಲಿಗೆ ಬಿಟ್ಟಳು. ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗಿ ಅರ್ಚನೆಯ ಚೀಟಿ ಹಿಡಿದು ನಿಂತಳು. ಅರ್ಚಕರು ಕನ್ನಡದವರು.

"ಹೆಸರು?"

"ತಮ್ಮಣ್ಣ."

"ಗೋತ್ರ?"

ಕಾಕು ನನ್ನ ಮುಖ ನೋಡಿದಳು. ನಾನು ಗರ್ಭಗುಡಿಯ ದೀಪ ನೋಡಿದೆ. "ನಮ್ಮದ ಹೇಳ್ರಿ. ಕಾಶ್ಯಪ," ಎಂದಳು.

"ನಕ್ಷತ್ರ? ಹುಟ್ಟಿದ ವೇಳೆ ಗೊತ್ತೇನಮ್ಮ?"

"ಅವರ ತಾಯೀನ್ನ ಕೇಳಬೇಕ್ರಿ."

ಅರ್ಚಕರು ತಲೆಯೆತ್ತಿದರು. "ಮತ್ತೆ ನೀವು?"

"ನಾನೂ ತಾಯೀನ. ಸ್ವಲ್ಪ ದೂರದಾಕಿ."

"ಹುಡುಗ ಏನು ಮಾಡ್ಕೊಂಡಿದಾನೆ?"

"ಒದೀತಾನ್ರಿ. ಈಗೀಗ ಸರಿಯಾಗಿ ಒದೀಲಿಕ್ಕೆ ಆಗವಲ್ದು. ನಗೂದೂ ಬಿಟ್ಟಾನ."

ಅರ್ಚಕರು ಇನ್ನು ಹೆಚ್ಚು ಕೇಳುವುದು ಕ್ಷೇಮವಲ್ಲ ಎಂದುಕೊಂಡರೋ ಏನೋ, ಕಾಶ್ಯಪ ಗೋತ್ರೋದ್ಭವ ತಮ್ಮಣ್ಣನಿಗೆ ಸಕಲ ಐಶ್ವರ್ಯವನ್ನೂ ಸತ್ಸಂತಾನವನ್ನೂ ಬೇಡಿ ಮಂಗಳಾರತಿ ಮಾಡಿದರು. ತೀರ್ಥ ತೆಗೆದುಕೊಳ್ಳುವಾಗ ಕಾಕು ಮೆಲ್ಲಗೆ, "ನಮ್ಮ ಮನೆಯವರ ಹೆಸರೂ ಒಂದ್ಸಲ ಅಂದುಬಿಡ್ರಿ. ಅವರದೂ ಇದ ತ್ರಾಸ ಅದ," ಎಂದಳು. ಆಮೇಲೆ ದಾರಿಯುದ್ದಕ್ಕೂ ತಮ್ಮಣ್ಣನ ಮಾತೇ ಆಡಿದಳು.

ಸೀಜನ್ನಿನ ಕೊನೆಗೆ ಆ ಸುದ್ದಿ ಬಂತು. ಕ್ಲಬ್ಬು ತಮ್ಮಣ್ಣನನ್ನು ಬೇರೆ ತಂಡಕ್ಕೆ ಕೊಟ್ಟುಬಿಡುತ್ತದಂತೆ. ಆ ಶುಕ್ರವಾರ ರೊಟ್ಟಿ ಸ್ವಲ್ಪ ಸೀದಿತ್ತು, ಯಾರೂ ಹೇಳಲಿಲ್ಲ. ರಾವ್ ಎಂದಿನಂತೆ ಶುರುಮಾಡಿದರು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಅವನ ಮುಖದಲ್ಲಿ ಕಳೇನೇ ಇಲ್ಲ. ಅವನಿಗೇ ಖುಷಿ ಇಲ್ಲದೆ ಇದ್ಮೇಲೆ ಟೀಮಿಗೆ ಯಾಕೆ ಭಾರ? ಕೊಟ್ಟುಬಿಡೋದೇ ವಾಸಿ."

ಕಾಕುವಿನ ಕೈಯಲ್ಲಿದ್ದ ಪಲ್ಯದ ಸೌಟು ಹಾಗೇ ನಿಂತಿತು. "ಮಾರಿ ನಗಲಿಲ್ಲ ಅಂದ್ರ ಒಳಗ ಖುಷಿ ಇಲ್ಲ ಅಂತ ನಿಮಗ ಯಾರು ಹೇಳ್ಯಾರ, ರಾವ್? ಮಾರಿ ನೋಡಿ ಮನಶಾನ್ನ ಬಿಟ್ಟುಬಿಡೂದೇನು?" ಇದು ತಮ್ಮಣ್ಣನ ಮಾತಲ್ಲ ಎಂದು ರಾವ್ ಅವರಿಗೂ ಆಗ ಹೊಳೆಯಿತು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

ಸೋಫಾದ ತುದಿಯಲ್ಲಿ ಕಾಕಾನ ತುಟಿ ಅಲುಗಿತು. ನನ್ನ ಗಂಡ ಮಾತು ಬದಲಿಸಲು ಏನೋ ಹೇಳಹೊರಟ. ಕಾಕು ಸೌಟು ಎತ್ತಿ ಅವನನ್ನು ತಡೆದಳು. ನಾವೆಲ್ಲ ಕಾದೆವು. ಟಿವಿಯಲ್ಲಿ ಜಾಹೀರಾತು ಬಂದು ಹೋಯಿತು.

"ಹಂಗಾದ್ರ," ಎಂದ ಕಾಕಾ. ಸ್ವಲ್ಪ ತಡೆದು ಹೆಂಡತಿಯ ಕಡೆ ನೋಡಿದ. "ನನ್ನ ಯಾವ ಟೀಮಿಗೆ ಕೊಡಾಕಿ ನೀ?"

ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ. ಇದು ತಮಾಷೆಯೋ, ನೋವೋ? ನಗಬೇಕೋ, ಬೇಡವೋ? ನನಗೆ ನಿಜವಾಗಿಯೂ ತಿಳಿಯಲಿಲ್ಲ. ಕಾಕುವಿಗೆ ತಿಳಿಯಿತು. ಮೊದಲು ಅವಳ ಹೆಗಲು ಕುಲುಕಿತು, ಆಮೇಲೆ ಮನೆ ಹಾರಿಹೋಗುವಂತೆ ನಕ್ಕಳು.

"ಎಲ್ಲಾ ಟೀಮಿನವರನ್ನೂ ಕೇಳಿ ನೋಡೇನ್ರೀ," ಎಂದಳು, "ಯಾರೂ ಒಲ್ಲೆ ಅಂದ್ರು!"

ಆಗ ನಾವೂ ನಕ್ಕೆವು. ಎಷ್ಟೋ ದಿನದಿಂದ ಆ ಮನೆಯಲ್ಲಿ ಕಟ್ಟಿಕೊಂಡಿದ್ದ ನಗುವೆಲ್ಲ ಒಟ್ಟಿಗೇ ಹೊರಬಂತು. ರಾವ್ ಕಣ್ಣೊರೆಸಿಕೊಂಡು ಎದ್ದು, ತಮ್ಮ ತಟ್ಟೆಯ ಸಮೇತ ಹೋಗಿ ಕಾಕಾನ ಪಕ್ಕದಲ್ಲಿ ಕೂತರು. "ಅಂಕಲ್, ನೀವೇ ಹೇಳಿ," ಎಂದರು, ಜೋರಾಗಿ ಅಲ್ಲ, ಮಾಮೂಲಿ ದನಿಯಲ್ಲಿ. "ತಮ್ಮಣ್ಣನ್ನ ಇಟ್ಕೋಬೇಕಾ, ಬೇಡ್ವಾ?" ಕೇಳಿದವರು ಬಾಯಿ ಮುಚ್ಚಿಕೊಂಡು ಕೂತರು. ಕಾಕಾ ಯೋಚಿಸುತ್ತಿದ್ದ. ರಾವ್ ಕಾಯುತ್ತಿದ್ದರು.

ಕಾಕು ರೊಟ್ಟಿ ತರುತ್ತೇನೆಂದು ಒಳಗೆ ಹೋದವಳು ಬರಲೇ ಇಲ್ಲ. ನಾನು ಎದ್ದು ಹೋದೆ. ಅವಳು ಫ್ರಿಜ್ಜಿಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನನಗೆ ಗಾಬರಿಯಾಯಿತು.

"ಏನಾಯ್ತು ಕಾಕು?"

"ಕೇಳಿದೇನ?" ಎಂದಳು. "ರಾವ್ ನಿಮ್ಮ ಕಾಕಾನ್ನ ಕೇಳಿದ್ರು. ನನ್ನ ಕೇಳಲಿಲ್ಲ."

ನಾನು ಅವಳನ್ನು ಅಪ್ಪಿಕೊಂಡೆ. ಹಾಲಿನಿಂದ ಕಾಕಾನ ದನಿ ಮೆಲ್ಲಗೆ, ಒಂದೊಂದೇ ಮಾತಾಗಿ ಕೇಳಿಬರುತ್ತಿತ್ತು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಕಾಕು ಮೂಗೊರೆಸಿಕೊಂಡು ರೊಟ್ಟಿಯ ಬುಟ್ಟಿಯನ್ನು ನನ್ನ ಕೈಗಿಟ್ಟಳು.

"ನೀ ಒಯ್ಯಿ," ಎಂದಳು. "ನಾ ಈಗ ಬಂದ್ರ ಅವರು ಮಾತು ನಿಲ್ಲಿಸ್ತಾರ."